ತಲೆ ಮೇಲೆ, ಬೆಲೆ ಕೆಳಗೆ

ಸಿನಿಮಾ ನಟನೊಬ್ಬನ ಮಾರುಕಟ್ಟೆ ಎಷ್ಟಿದೆ ಎಂದು ತಿಳಿಯಲು ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳಬೇಡಿ. ಆ ಲೆಕ್ಕವನ್ನು ನಿರ್ಮಾಪಕರ ಮನೆಯವರೇ ನಂಬುವುದಿಲ್ಲ. ಸಿನಿಮಾ ಪತ್ರಿಕೆಯೊಂದರ ಮುಖಪುಟ ಎದುರಿಗಿಟ್ಟುಕೊಂಡು, ಆತನ ತಲೆ ಪತ್ರಿಕೆಯ ಹೆಸರಿನ ಎಷ್ಟು ಅಕ್ಷರಗಳನ್ನು ಮುಚ್ಚಿದೆ ಎಂದು ಎಣಿಸಿದರೆ ಸಾಕು. ಒಂದಕ್ಷರವೂ ಮುಚ್ಚಿಲ್ಲ, ತಲೆ ಹೆಸರಿನ ಕೆಳಗೆ ವಿನಯದಿಂದ ನಿಂತಿದೆ ಎಂದರೆ ಹೊಸಬ. ಅರ್ಧ ಅಕ್ಷರ ಮುಚ್ಚಿದ್ದರೆ ಒಂದು ಹಿಟ್ ಕೊಟ್ಟವನು. ಎರಡು ಅಕ್ಷರ ನುಂಗಿದ್ದರೆ ಅಭಿಮಾನಿ ಸಂಘ ಇದೆ, ಅದಕ್ಕೆ ಒಬ್ಬ ಅಧ್ಯಕ್ಷನೂ ಇದ್ದಾನೆ. ಹೆಸರು ಪೂರ್ತಿ ಮಾಯವಾಗಿ, ಇದು ಯಾವ ಪತ್ರಿಕೆ ಎಂದು ಅಂಗಡಿಯವನೇ ತಿರುಗಿಸಿ ನೋಡುವಂತಾದರೆ ಆತ ಸೂಪರ್‌ಸ್ಟಾರ್, ಇಲ್ಲವೇ ಆ ತಿಂಗಳು ತೀರಿಕೊಂಡಿದ್ದಾನೆ.

ಇದು ನಾವು ಕಂಡುಹಿಡಿದ ಶಾಸ್ತ್ರವಲ್ಲ. ಇಂಗ್ಲಿಷ್ ಪತ್ರಿಕೆಗಳು ಬಹಳ ಹಿಂದಿನಿಂದಲೂ ಹೀಗೆಯೇ ಮಾಡುತ್ತಿವೆ. ಆದರೆ ಅವರಿಗೆ ಅದು ಸಲೀಸು. ಅವರ ದೊಡ್ಡಕ್ಷರಗಳು ಪೊಲೀಸ್ ಪರೇಡಿನಂತೆ ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿರುತ್ತವೆ, ನಡುವೆ ಒಂದನ್ನು ಮರೆಮಾಡಿದರೂ ಓದುಗ ಊಹಿಸಿಕೊಳ್ಳುತ್ತಾನೆ. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ಕೊಂಬು. ‘ವಿಜಯಚಿತ್ರ’ ಎಂದು ಹೆಸರಿಟ್ಟರೆ ಕೊನೆಯ ಅಕ್ಷರದ ಒತ್ತು ನೇರವಾಗಿ ನಾಯಕನ ಕ್ರಾಪಿಗೆ ಚುಚ್ಚುತ್ತದೆ. ‘ರೂಪತಾರಾ’, ‘ಮೇನಕಾ’, ‘ಅರಗಿಣಿ’ ಎಂದು ಹೆಸರಿಟ್ಟವರು ಜಾಣರು. ಒಂದರಲ್ಲೂ ಒತ್ತಕ್ಷರವಿಲ್ಲ, ನಾಯಕ ತಲೆ ಬಾಚಿಕೊಂಡು ಧೈರ್ಯವಾಗಿ ಕೆಳಗೆ ನಿಲ್ಲಬಹುದು.

ಇಂಥ ಕಚೇರಿಗಳಲ್ಲಿ ಪುಟ ಕಟ್ಟುವ ಹುಡುಗನಿಗೂ ಸಂಪಾದಕರಿಗೂ ನಡೆಯುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ.

“ಸಾರ್, ಹೀರೋ ಕ್ರಾಪು ಮೂರನೇ ಅಕ್ಷರ ಪೂರ್ತಿ ಮುಚ್ಚತ್ತೆ.”

“ಮುಚ್ಚಲಿ ಬಿಡಪ್ಪ. ನಮ್ಮ ಪತ್ರಿಕೆ ಹೆಸರು ಜನಕ್ಕೆ ಗೊತ್ತಿಲ್ವಾ?”

“ಫೋಟೋ ಒಂಚೂರು ಕೆಳಗಿಳಿಸ್ಲಾ ಸಾರ್?”

“ಇಳಿಸಿದ್ರೆ ಅವರ ಮ್ಯಾನೇಜರ್ ಫೋನ್ ಮಾಡ್ತಾನೆ. ಅಕ್ಷರ ಫೋನ್ ಮಾಡಲ್ಲ.”

ಮುಖಪುಟದ ವಿನ್ಯಾಸದ ಬಗ್ಗೆ ಯಾರಾದರೂ ಪಠ್ಯಪುಸ್ತಕ ಬರೆಯುವುದಾದರೆ ಮೊದಲ ಅಧ್ಯಾಯಕ್ಕೆ ಈ ಕೊನೆಯ ವಾಕ್ಯ ಸಾಕು. ಬಣ್ಣ, ಅಳತೆ, ಅಕ್ಷರವಿನ್ಯಾಸ ಎಲ್ಲ ಆಮೇಲಿನ ಮಾತು. ಯಾರು ಫೋನ್ ಮಾಡಬಲ್ಲರೋ ಅವರಿಗೆ ಜಾಗ.

ಉಳಿದ ಜಾಗದ ಹಂಚಿಕೆ ವಾಸ್ತುಶಾಸ್ತ್ರದಂತೆ ನಡೆಯುತ್ತದೆ. ಪುಟದ ನೆತ್ತಿಯನ್ನು ಉತ್ತರ ಎಂದುಕೊಳ್ಳಿ, ಅದು ಕುಬೇರನ ದಿಕ್ಕು, ಅಲ್ಲಿ ಪತ್ರಿಕೆಯ ಹೆಸರು. ಆಗ್ನೇಯ ಬೆಂಕಿಯ ಮೂಲೆ, ಅಲ್ಲಿ ಬಾರ್‌ಕೋಡು ಮತ್ತು ಬೆಲೆ. ಜೇಬು ಸುಡುವುದೂ ಅಲ್ಲೇ. ಭಾರವೆಲ್ಲ ನೈಋತ್ಯದಲ್ಲಿರಬೇಕು ಎನ್ನುತ್ತಾರಲ್ಲ, ಹಾಗೆಯೇ ಕೆಳಗಿನ ಎಡಮೂಲೆಯಲ್ಲಿ ತಲೆಬರಹಗಳ ಮೂಟೆ. ಹೆಣ್ಣುಮಕ್ಕಳ ಕೋಣೆ ವಾಯವ್ಯದಲ್ಲಿದ್ದರೆ ಬೇಗ ಮದುವೆಯಾಗುತ್ತದಂತೆ. ಈಗಷ್ಟೇ ಕಾಲಿಟ್ಟ ಹೊಸ ನಾಯಕಿಯ ಅಂಚೆಚೀಟಿ ಗಾತ್ರದ ಚಿತ್ರ ಇರುವುದೂ ಮೇಲಿನ ಎಡಮೂಲೆಯಲ್ಲೇ, ಮುಂದಿನ ವರ್ಷ ಆಕೆಯ ಮದುವೆ ಸುದ್ದಿಯೂ ಅದೇ ಮೂಲೆಯಲ್ಲೇ. ನಟ್ಟನಡುವಿನ ಬ್ರಹ್ಮಸ್ಥಾನದಲ್ಲಿ ಮಾತ್ರ ಏನನ್ನೂ ಇಡಕೂಡದು ಎಂಬ ನಿಯಮವನ್ನು ನಮ್ಮ ವಿನ್ಯಾಸಕಾರರು ನಿಷ್ಠೆಯಿಂದ ಪಾಲಿಸುತ್ತಾರೆ. ಅಲ್ಲಿ ನಾಯಕಿಯ ಹೊಕ್ಕುಳಿರುತ್ತದೆ, ಅದರ ಮೇಲೆ ಅಕ್ಷರ ಬಿದ್ದರೆ ಪ್ರಸಾರ ಕುಸಿಯುತ್ತದೆ.

ಹಾಸ್ಯನಟನಿಗೆ ಈ ಮನೆಯಲ್ಲಿ ಕೋಣೆ ಇಲ್ಲ. ಅವನದು ಒಂದು ದುಂಡನೆಯ ಕಿಟಕಿ. ಅದರೊಳಗಿಂದ ಹಲ್ಲು ಕಿರಿಯುತ್ತಿರಬೇಕು. ಪೂರ್ತಿ ಮುಖಪುಟ ಅವನಿಗೆ ಸಿಗುವುದು ಸತ್ತ ಮೇಲೆ, ಅದೂ ಅದೇ ವಾರ ಬೇರೆ ಯಾರೂ ಸಾಯದಿದ್ದರೆ. ನಿರ್ದೇಶಕ ಮುಖಪುಟಕ್ಕೆ ಬರಬೇಕಾದರೆ ರಾಷ್ಟ್ರಪ್ರಶಸ್ತಿ ಗೆಲ್ಲಬೇಕು, ಇಲ್ಲವೇ ನಾಯಕಿಯನ್ನು ಮದುವೆಯಾಗಬೇಕು. ಎರಡನೆಯದರಿಂದ ಹೆಚ್ಚು ಪ್ರತಿ ಖರ್ಚಾಗುತ್ತವೆ. ಕತೆ ಬರೆದವನ ವಿಷಯ ಬಿಡಿ, ಅವನ ಫೋಟೋ ಅವನ ಹತ್ತಿರವೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿ ಹೊರಟ ಪತ್ರಿಕೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಹೇಗೆ ಕಾಣುತ್ತದೆ ಎಂದು ಯಾವ ವಿನ್ಯಾಸಕಾರನೂ ಹೋಗಿ ನೋಡಿದಂತಿಲ್ಲ. ಅಮೆರಿಕದ ಅಂಗಡಿಗಳ ಅಡ್ಡ ಸಾಲುಗಳಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಸರಿದು ಕೂರುತ್ತವೆ, ಎಡಗಡೆಯ ಒಂದು ಪಟ್ಟಿ ಮಾತ್ರ ಗಿರಾಕಿಗೆ ಕಾಣುತ್ತದೆ. ಅದಕ್ಕೇ ಅವರು ತಲೆಬರಹಗಳನ್ನು ಎಡಕ್ಕೆ ಪೇರಿಸಿದರು. ನಮ್ಮಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪು ಹಾಕಿ ನೇತುಬಿಡುತ್ತಾರೆ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಇಳಿಬೀಳುತ್ತದೆ, ಕಾಣುವುದು ಒಂದು ತುಂಡು ಮಾತ್ರ. ಆದರೂ ನಮ್ಮವರು ತಲೆಬರಹವನ್ನು ಎಡಕ್ಕೇ ಪೇರಿಸಿದರು. ಏಕೆಂದರೆ ಅಮೆರಿಕದವರು ಪೇರಿಸಿದ್ದರು. ಹಗ್ಗದ ಕ್ಲಿಪ್ಪು ಕಚ್ಚುವುದು ಸರಿಯಾಗಿ ನಾಯಕನ ಹಣೆಯನ್ನು. ಹೀಗಾಗಿ ಮೆಜೆಸ್ಟಿಕ್ಕಿನ ಪ್ರಯಾಣಿಕನಿಗೆ ದಕ್ಕುತ್ತಿದ್ದದ್ದು ಎರಡು ಕಣ್ಣು, ಒಂದು ನೀಲಿ ಪ್ಲಾಸ್ಟಿಕ್ ಕ್ಲಿಪ್ಪು ಮತ್ತು ‘...ರಹಸ್ಯ!’ ಎಂಬ ಅರ್ಧ ಪದ. ಅಷ್ಟಕ್ಕೇ ಆತ ಕೊಳ್ಳುತ್ತಿದ್ದ. ಇಡೀ ಪುಟ ಕಂಡಿದ್ದರೆ ಬಹುಶಃ ಕೊಳ್ಳುತ್ತಿರಲಿಲ್ಲ.

ಮುಖಪುಟಕ್ಕೆ ಹುಟ್ಟಿನಿಂದಲೇ ಇಷ್ಟು ಬಾಯಿ ಇರಲಿಲ್ಲ. ಬಾಬುರಾವ್ ಪಟೇಲ್ 1935ರಲ್ಲಿ ಬೊಂಬಾಯಿಯಲ್ಲಿ ‘ಫಿಲ್ಮ್‌ಇಂಡಿಯಾ’ ಶುರುಮಾಡಿದ ಮೇಲೆ ಅದರ ಮುಖಪುಟಗಳಿಗೆ ಬಣ್ಣದ ಚಿತ್ರ ಬರೆದವರಲ್ಲಿ ಇಬ್ಬರು ದೊಡ್ಡವರು, ರಘುವೀರ್ ಮುಳಗಾಂವ್‌ಕರ್ ಮತ್ತು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಪಂಡಿತರ ಹೆಸರಿನಲ್ಲಿ ಅಲ್ಲಿ ರಂಗಮಂದಿರ ಇದೆ. ಅದರೊಳಗೆ ಸನ್ಮಾನ ಮಾಡಿಸಿಕೊಳ್ಳುವ ಸಿನಿಮಾ ಮಂದಿಗೆ ತಮ್ಮ ಕಸುಬಿನ ಮೆರುಗಿನ ಅಜ್ಜ ಇವರೇ ಎಂದು ಗೊತ್ತಿರಲಿಕ್ಕಿಲ್ಲ. ಮುಂದೆ ಪಂಡಿತರು ಪುರಾಣದ ದೇವದೇವತೆಗಳನ್ನು ಬರೆದು ಮನೆಮನೆಯ ಕ್ಯಾಲೆಂಡರಿಗೆ ಬಂದರು. ನಟಿಯ ಕೆನ್ನೆಗೂ ದೇವಿಯ ಕೆನ್ನೆಗೂ ಅದೇ ಕುಂಚ, ಅದೇ ಹೊಳಪು. ಮುಖಪುಟದ ನಟರಿಗೆಲ್ಲ ತಲೆಯ ಹಿಂದಿನಿಂದ ಬೆಳಕು ಬರುತ್ತದಲ್ಲ, ಸ್ಟುಡಿಯೋದವರು ಅದನ್ನು ಬ್ಯಾಕ್‌ಲೈಟ್ ಎನ್ನುತ್ತಾರೆ, ದೇವಸ್ಥಾನದಲ್ಲಿ ಪ್ರಭಾವಳಿ ಎನ್ನುತ್ತಾರೆ. ದೇವಸ್ಥಾನದ್ದು ಹಿತ್ತಾಳೆಯದು, ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಕಪ್ಪಾಗುತ್ತದೆ. ನಟರದ್ದು ಸತತ ಮೂರು ಸಿನಿಮಾ ಮಕಾಡೆ ಬಿದ್ದರೆ.

ಬಾಬುರಾವ್ ಅವರ ಪತ್ರಿಕೆಯ ಸೊಗಸು ಏನೆಂದರೆ ಹೊರಗೆ ಕುಂಚ, ಒಳಗೆ ಕೊಡಲಿ. ಮುಖಪುಟದಲ್ಲಿ ನಟಿಯನ್ನು ಅಪ್ಸರೆ ಮಾಡಿ, ಪುಟ ತಿರುಗಿಸಿದರೆ ಸಿನಿಮಾವನ್ನು ಸಿಗಿದು ತೋರಣ ಕಟ್ಟುತ್ತಿದ್ದರು. ಅವರ ವಿಮರ್ಶೆಗೆ ಬೊಂಬಾಯಿಯ ಸ್ಟುಡಿಯೋಗಳು ನಡುಗುತ್ತಿದ್ದವು. ಅಷ್ಟಾದ ಮೇಲೆ ಅವರು ತಾವೇ ‘ದ್ರೌಪದಿ’ (1944), ‘ಗ್ವಾಲನ್’ (1946) ಎಂಬ ಸಿನಿಮಾಗಳನ್ನು ನಿರ್ದೇಶಿಸಿದರು, ನಾಯಕಿ ಅವರ ಪತ್ನಿ ಸುಶೀಲಾ ರಾಣಿ. ಎರಡೂ ಓಡಲಿಲ್ಲ. ಮುಖಪುಟ ಎಷ್ಟೇ ಚೆಂದ ಬರೆಸಬಹುದು, ಟಿಕೆಟ್ ಕೊಳ್ಳುವವನಿಗೆ ಮುಖಪುಟ ತೋರಿಸಿ ಒಳಗೆ ಕೂರಿಸಲಾಗುವುದಿಲ್ಲ.

‘ಫಿಲ್ಮ್‌ಫೇರ್’ 1952ರ ಮಾರ್ಚ್ 7ರಂದು ಹೊರಬಂದಾಗ ಮುಖಪುಟದಲ್ಲಿ ಕಾಮಿನಿ ಕೌಶಲ್, ಬೆಲೆ ನಾಲ್ಕಾಣೆ. ಆ ಕಾಲದ ಮುಖಪುಟಗಳು ಮದುವೆಗೆ ಬಂದ ಹೆಣ್ಣಿನ ಫೋಟೋ ಇದ್ದ ಹಾಗೆ. ಮುಖ, ಮುಗುಳ್ನಗೆ, ಮೇಲೆ ಪತ್ರಿಕೆಯ ಹೆಸರು, ಅಷ್ಟೇ. ಆಕೆ ಯಾರೊಂದಿಗೆ ಓಡಾಡುತ್ತಿದ್ದಾಳೆ ಎಂಬ ವಿಚಾರಣೆ ಇಲ್ಲ.

ವಿಚಾರಣೆ ಶುರುವಾದದ್ದು 1971ರ ಅಕ್ಟೋಬರಿನಲ್ಲಿ. ಜಾಹೀರಾತು ಉದ್ಯಮದ ನಾರಿ ಹೀರಾ ‘ಸ್ಟಾರ್‌ಡಸ್ಟ್’ ತಂದರು. ಅದರ ಸಂಪಾದಕಿಯಾಗಿ ಹೆಸರು ಮಾಡಿದ ಶೋಭಾ ರಾಜಾಧ್ಯಕ್ಷ, ಮುಂದೆ ಶೋಭಾ ಡೇ, ಬಂದದ್ದೂ ಜಾಹೀರಾತು ಬರೆಯುವ ಕೆಲಸದಿಂದಲೇ. ಮೊದಲ ಸಂಚಿಕೆಯ ಮುಖಪುಟದಲ್ಲಿ ರಾಜೇಶ್ ಖನ್ನಾ, ಜೊತೆಗೊಂದು ಪ್ರಶ್ನೆ: ಈತ ಗುಟ್ಟಾಗಿ ಮದುವೆಯಾಗಿದ್ದಾನೆಯೇ? ಆತ ಡಿಂಪಲ್ ಕಪಾಡಿಯಾರನ್ನು ಮದುವೆಯಾದದ್ದು 1973ರ ಮಾರ್ಚಿನಲ್ಲಿ, ಗುಟ್ಟಾಗಿ ಅಲ್ಲ, ದೇಶಕ್ಕೆಲ್ಲ ಗೊತ್ತಾಗುವಂತೆ. ಆದರೆ ಉತ್ತರ ಯಾರಿಗೆ ಬೇಕಾಗಿತ್ತು? ಭಾರತದ ಸಿನಿಮಾ ಪತ್ರಿಕೋದ್ಯಮಕ್ಕೆ ಅಂದು ಸಿಕ್ಕಿದ್ದು ಸುದ್ದಿಯಲ್ಲ, ಒಂದು ಚಿಹ್ನೆ. ಕೊಕ್ಕೆಯ ಹಾಗೆ ಬಾಗಿ, ಕೆಳಗೊಂದು ಚುಕ್ಕೆ ಇಟ್ಟುಕೊಂಡ ಈ ಆಕೃತಿ ಮೀನು ಹಿಡಿಯುವುದಕ್ಕೂ ಆಗುತ್ತದೆ, ಮೊಕದ್ದಮೆ ಬಿದ್ದರೆ ನೇತಾಡುವುದಕ್ಕೂ ಆಗುತ್ತದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದಾಗ ಪ್ರಶ್ನಾರ್ಥಕವಲ್ಲದೆ ಇನ್ನೇನು ಬಳಸಲು ಸಾಧ್ಯ? ‘ಇವರಿಬ್ಬರ ನಡುವೆ ಪ್ರೇಮವಿದೆ’ ಎಂದು ಅಚ್ಚು ಹಾಕಿದರೆ ವಕೀಲರ ನೋಟಿಸು ಬರುತ್ತದೆ. ‘ಇವರಿಬ್ಬರ ನಡುವೆ ಪ್ರೇಮವಿದೆಯೇ?’ ಎಂದರೆ ಜಾಹೀರಾತು ಬರುತ್ತದೆ. ನಾವು ಹೇಳುತ್ತಿಲ್ಲ ಸ್ವಾಮಿ, ಕೇಳುತ್ತಿದ್ದೇವೆ. ಕೇಳುವುದು ಪ್ರಜಾಪ್ರಭುತ್ವದಲ್ಲಿ ಹಕ್ಕು. ಒಳಗೆ ಹೋಗಿ ಓದಿದರೆ ಪುಟದ ತುಂಬ ಸುತ್ತಿ ಬಳಸಿ, ಕೊನೆಗೆ ನಟಿ ‘ನಾವು ಒಳ್ಳೆಯ ಸ್ನೇಹಿತರು, ನನ್ನ ಗಮನವೆಲ್ಲ ಕೆರಿಯರ್ ಮೇಲೆ’ ಎಂದಿರುತ್ತಾಳೆ. ಬೆಟ್ಟ ಅಗೆದು ಇಲಿ ಹಿಡಿದಿದ್ದಾರೆ. ಆದರೆ ಬೆಟ್ಟದ ಪ್ರವೇಶ ಶುಲ್ಕವನ್ನು ಮುಂಚೆಯೇ ವಸೂಲಿ ಮಾಡಿ ಆಗಿದೆ. ನಮ್ಮ ಕನ್ನಡದವರು ಪ್ರಶ್ನಾರ್ಥಕದ ಜೊತೆಗೆ ಮೂರು ಚುಕ್ಕಿ, ಎರಡು ಆಶ್ಚರ್ಯಸೂಚಕ, ಒಂದು ‘ಗುಸುಗುಸು’ ಸೇರಿಸಿ ರುಚಿ ಹೆಚ್ಚಿಸಿದರು. ವಾರವಾರವೂ ಯಾರೋ ಒಬ್ಬರು ‘ಮನಬಿಚ್ಚಿ’ ಮಾತಾಡಿದರು. ಇಷ್ಟು ದಶಕ ಇಷ್ಟು ಜನ ಬಿಚ್ಚಿದ ಮೇಲೂ ಗಾಂಧಿನಗರದ ಮನಸ್ಸಿನಲ್ಲಿ ಏನಿದೆ ಎಂದು ಗಾಂಧಿನಗರಕ್ಕೇ ತಿಳಿದಂತಿಲ್ಲ.

ಮುಖಪುಟಕ್ಕೆ ನಟನನ್ನು ಬೆಳೆಸುವ, ಮುಳುಗಿಸುವ ಶಕ್ತಿ ಇದೆ ಎಂಬ ನಂಬಿಕೆ ಸಂಪಾದಕರಲ್ಲಿ ಗಟ್ಟಿಯಾಗಿದೆ. ಈ ನಂಬಿಕೆಗೆ ದೊಡ್ಡ ಪರೀಕ್ಷೆಯೊಂದು ನಡೆದುಹೋಗಿದೆ. ತುರ್ತು ಪರಿಸ್ಥಿತಿಯ ಹೊತ್ತಿಗೆ ಬೊಂಬಾಯಿಯ ಸಿನಿಮಾ ಪತ್ರಿಕೆಗಳಿಗೂ ಅಮಿತಾಭ್ ಬಚ್ಚನ್‌ಗೂ ಹಳಸಿತು. ಪತ್ರಿಕೆಗಳು ಆತನ ಫೋಟೋ ಹಾಕುವುದನ್ನೂ ಹೆಸರು ಬರೆಯುವುದನ್ನೂ ನಿಲ್ಲಿಸಿದವು, ಆತನೂ ಪತ್ರಿಕೆಗಳ ಮುಖ ನೋಡುವುದನ್ನು ನಿಲ್ಲಿಸಿದ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ಆ ವರ್ಷಗಳಲ್ಲೇ ‘ಶೋಲೆ’ ಓಡಿತು, ‘ಅಮರ್ ಅಕ್ಬರ್ ಅಂಥೋನಿ’ ಓಡಿತು, ‘ಡಾನ್’ ಓಡಿತು, ‘ಮುಕದ್ದರ್ ಕಾ ಸಿಕಂದರ್’ ಓಡಿತು. ದೇಶದ ಅತಿ ದೊಡ್ಡ ಮುಖವನ್ನು ಬಿಟ್ಟು ಮುಖಪುಟ ಮಾಡುತ್ತಿದ್ದ ಪತ್ರಿಕೆಗಳು, ಮುಖಪುಟವೇ ಇಲ್ಲದೆ ದೇಶದ ಅತಿ ದೊಡ್ಡ ಮುಖವಾದ ನಟ. ಯಾರಿಗೆ ಯಾರು ಬೇಕಾಗಿತ್ತು ಎಂಬುದು ಸಾಬೀತಾದ ಮೇಲೆ ಎರಡೂ ಕಡೆಯವರು ರಾಜಿಯಾದರು.

ಕನ್ನಡದ ಪಾಡು ಇನ್ನೂ ಆಪ್ತವಾಗಿತ್ತು. ನಮ್ಮ ಸಿನಿಮಾ ಬಹುಕಾಲ ಮದರಾಸಿನಲ್ಲೇ ತಯಾರಾಗುತ್ತಿದ್ದಾಗ ‘ವಿಜಯಚಿತ್ರ’ವೂ ಅಲ್ಲಿಂದಲೇ, ‘ಚಂದಮಾಮ’ದ ನಾಗಿರೆಡ್ಡಿಯವರ ಬಳಗದಿಂದ ಬರುತ್ತಿತ್ತು. ವಿಜಯ-ವಾಹಿನಿ ಸ್ಟುಡಿಯೋ ಅವರದೇ, ಪತ್ರಿಕೆಯೂ ಅವರದೇ. ಇಂಥಲ್ಲಿ ಮುಖಪುಟದ ನಟನನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ, ಅಂಗಳಕ್ಕೆ ಇಳಿದರೆ ಸಾಕು. ಮಣಿಪಾಲದ ‘ರೂಪತಾರಾ’ದವರು ಮಾತ್ರ ಘಟ್ಟ ಹತ್ತಿ ಬರಬೇಕಾಗಿತ್ತು.

ಆ ಕಾಲದ ಅಚ್ಚಿನ ಒಂದು ವೈಭವವನ್ನು ಇಂದಿನ ಮಕ್ಕಳು ನೋಡಲಾರರು. ಬಣ್ಣದ ಪುಟ ಎಂದರೆ ನಾಲ್ಕು ಪ್ಲೇಟು: ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು. ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಸರಿದರೆ? ನಾಯಕಿಯ ತುಟಿ ಗಲ್ಲಕ್ಕೆ ಇಳಿಯುತ್ತಿತ್ತು, ಹಣೆಯ ಕುಂಕುಮ ಹುಬ್ಬಿನ ಮೇಲೆ ಕೂರುತ್ತಿತ್ತು, ನಾಯಕನಿಗೆ ಒಂದು ಕಪ್ಪು ಮೀಸೆ, ಪಕ್ಕದಲ್ಲೇ ಒಂದು ನೀಲಿ ಮೀಸೆ. ಹಳದಿ ಹೆಚ್ಚಾದ ವಾರ ಇಡೀ ತಾರಾಗಣಕ್ಕೆ ಕಾಮಾಲೆ. ಅಭಿಮಾನಿ ಅದನ್ನೇ ಕತ್ತರಿಸಿ ಕ್ಷೌರದಂಗಡಿಯ ಕನ್ನಡಿಯ ಪಕ್ಕ ಅಂಟಿಸಿ, ‘ಅಣ್ಣಂಗೆ ಹಾಕೋ ಹಂಗೇ ನಂಗೂ ಕಟಿಂಗ್ ಹಾಕಪ್ಪ’ ಎನ್ನುತ್ತಿದ್ದ. ಯಾವ ಮೀಸೆ ಎಂದು ಕೇಳುವ ಧೈರ್ಯ ಅಂಗಡಿಯವನಿಗೆ ಇರಲಿಲ್ಲ. ಇನ್ನು ನಡುಪುಟದ ಬ್ಲೋಅಪ್. ಪತ್ರಿಕೆ ಹೊಲಿಯುವ ಎರಡು ಪಿನ್ನುಗಳಲ್ಲಿ ಒಂದು ಖಂಡಿತ ನಾಯಕಿಯ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಹುಡುಗರು ಅದನ್ನು ಉಗುರಿನಲ್ಲಿ ಮೀಟಿ ಬಿಡಿಸುತ್ತಿದ್ದ ಎಚ್ಚರಿಕೆಯನ್ನು ಪರೀಕ್ಷೆಯ ಉತ್ತರಪತ್ರಿಕೆಗೆ ತೋರಿಸಿದ್ದರೆ ಈ ರಾಜ್ಯದಲ್ಲಿ ಎಷ್ಟೋ ಮಂದಿ ಡಾಕ್ಟರಾಗುತ್ತಿದ್ದರು.

ಈಗ ಪ್ಲೇಟು ಸರಿಯುವುದಿಲ್ಲ, ಕಂಪ್ಯೂಟರು ಇದೆ. ಅದು ಮೊಡವೆಯ ಜೊತೆಗೆ ಮೂಗಿನ ಹೊಳ್ಳೆಯನ್ನೂ, ನೆರಿಗೆಯ ಜೊತೆಗೆ ವಯಸ್ಸನ್ನೂ, ಕಪ್ಪು ವರ್ತುಲದ ಜೊತೆಗೆ ಕಣ್ಣಿನ ಕೆಳಗಿನ ಇಡೀ ಅನುಭವವನ್ನೂ ಒರೆಸಿಬಿಡುತ್ತದೆ. ರಾಗಿಯ ಬಣ್ಣದ ಹುಡುಗಿಯನ್ನು ಮೈದಾ ಮಾಡುವ ಕೆಲಸಕ್ಕೆ ಹಿಂದೆ ಮೇಕಪ್ಪಿನವರಿಗೆ ಎರಡು ಗಂಟೆ ಬೇಕಾಗಿತ್ತು, ಈಗ ಎರಡು ಕ್ಲಿಕ್ಕು. ಅರವತ್ತು ದಾಟಿದ ನಾಯಕನ ಮುಖದಲ್ಲಿ ಈಗ ಮಗನಿಗಿಂತ ಹೆಚ್ಚು ತಾರುಣ್ಯ. ಮಗನೂ ನಾಯಕನೇ ಆಗಿದ್ದರೆ ಒಂದೇ ಮುಖಪುಟದಲ್ಲಿ ಇಬ್ಬರನ್ನೂ ಹಾಕುವುದು ಕಷ್ಟ, ಯಾರು ಯಾರ ಮಗ ಎಂದು ಕೆಳಗೆ ಬರೆಯಬೇಕಾಗುತ್ತದೆ.

ಬರೆಯಲು ಜಾಗ ಬೇಕಲ್ಲ. ಕನ್ನಡದ ಮುಖಪುಟದಲ್ಲಿ ಅತಿ ದೊಡ್ಡ ಒತ್ತುವರಿ ಬಿರುದಿನದು. ರೆಬೆಲ್ ಸ್ಟಾರ್, ಕ್ರೇಜಿ ಸ್ಟಾರ್, ರಿಯಲ್ ಸ್ಟಾರ್, ಪವರ್ ಸ್ಟಾರ್, ಗೋಲ್ಡನ್ ಸ್ಟಾರ್, ರಾಕಿಂಗ್ ಸ್ಟಾರ್. ಬಿರುದು ಬಿಟ್ಟು ಬರೀ ಹೆಸರು ಹಾಕಿದರೆ ಕಚೇರಿಯ ಮುಂದೆ ಟೈರು ಉರಿಯುವ ಭಯ. ಬಿರುದು ಹಾಕಿದರೆ ಸಿನಿಮಾದ ಹೆಸರಿಗೆ ಜಾಗವಿಲ್ಲ. ಸಂಪಾದಕರು ಸಿನಿಮಾದ ಹೆಸರನ್ನು ಕೈಬಿಡುತ್ತಾರೆ. ವ್ಯಾಕರಣ ಸರಿಯಾಗಿಯೇ ಇದೆ: ಬಿರುದು ಶಾಶ್ವತ, ಸಿನಿಮಾ ಎರಡು ವಾರ.

ಪಶ್ಚಿಮದವರು ನಮಗಿಂತ ಸಭ್ಯರು ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ‘ವ್ಯಾನಿಟಿ ಫೇರ್’ 1995ರಿಂದ ವರ್ಷಕ್ಕೊಂದು ಹಾಲಿವುಡ್ ಸಂಚಿಕೆ ತರುತ್ತಿದೆ. ಆ್ಯನಿ ಲೀಬೊವಿಟ್ಸ್ ಫೋಟೋಗಳಿಂದ ಹೆಸರಾದ ಅದರ ಮುಖಪುಟ ಮೂರು ಮಡಿಕೆ. ಬಿಚ್ಚಿದರೆ ಹತ್ತಾರು ತಾರೆಯರು ಸಾಲಾಗಿ ಕೂತಿರುತ್ತಾರೆ. ಅಂಗಡಿಯಲ್ಲಿ ಕಾಣುವುದು ಮೊದಲ ಮಡಿಕೆ ಮಾತ್ರ. ಹಾಗಾದರೆ ಮೊದಲ ಮಡಿಕೆಯಲ್ಲಿ ಯಾರು, ಮಡಚಿಟ್ಟ ಭಾಗದಲ್ಲಿ ಯಾರು? ಕಪ್ಪು ಮೈಬಣ್ಣದವರು ಬಹಳ ಸಲ ಒಳಮಡಿಕೆಗೆ ಸೇರಿದ್ದಾರೆ ಎಂದು ಅಲ್ಲಿಯವರೇ ಬೆರಳಿಟ್ಟು ತೋರಿಸಿದರು. 2010ರಲ್ಲಿ ಆ ತೊಂದರೆಯೂ ಬೇಡವೆಂದು ಒಂಬತ್ತು ನಟಿಯರನ್ನೂ ಬಿಳಿಯರನ್ನೇ ಕೂರಿಸಿ ಉಗಿಸಿಕೊಂಡರು. ಊಟದ ಪಂಕ್ತಿಯಲ್ಲಿ ಯಾರನ್ನು ಯಾವ ಸಾಲಿಗೆ ಕೂರಿಸಬೇಕು ಎಂಬ ವಿದ್ಯೆಯಲ್ಲಿ ನಾವೊಬ್ಬರೇ ಪಂಡಿತರು ಎಂಬ ಜಂಬ ನಮಗೆ ಬೇಡ.

ಬುದ್ಧಿಜೀವಿಗಳ ಸಿನಿಮಾ ಪತ್ರಿಕೆಗಳಿಗೂ ಕಟ್ಟುಪಾಡು ತಪ್ಪಿದ್ದಲ್ಲ. ಪ್ಯಾರಿಸ್ಸಿನ ‘ಕಾಯೇ ದ್ಯು ಸಿನೆಮಾ’ 1951ರ ಏಪ್ರಿಲ್‌ನಲ್ಲಿ ಹಳದಿ ರಟ್ಟಿನಲ್ಲಿ ಬಂತು. ಸಿನಿಮಾವನ್ನು ತತ್ತ್ವಶಾಸ್ತ್ರದ ಎತ್ತರಕ್ಕೆ ಒಯ್ದ ಆ ಪತ್ರಿಕೆಯ ಮೊದಲ ಮುಖಪುಟದಲ್ಲೂ ಕಂಡದ್ದು ಹಾಲಿವುಡ್ಡಿನ ಗ್ಲೋರಿಯಾ ಸ್ವಾನ್ಸನ್. ಆಮೇಲೆ ಲೋಕದ ಎಲ್ಲ ಗಂಭೀರ ಪತ್ರಿಕೆಗಳೂ ಒಂದು ಒಪ್ಪಂದಕ್ಕೆ ಬಂದಂತಿವೆ: ಚಿತ್ರ ಕಪ್ಪುಬಿಳುಪು, ಯಾರೂ ನಗಬಾರದು, ನಿಮ್ಮನ್ನು ನೋಡಲಂತೂ ಕೂಡದು, ಕಿಟಕಿಯಾಚೆ ನೋಡಬೇಕು. ಜನಪ್ರಿಯ ಮುಖಪುಟದ ನಟ ‘ನನ್ನನ್ನು ಕೊಳ್ಳು’ ಎಂದು ನೋಡುತ್ತಾನೆ, ಇವರು ‘ನಿನ್ನ ಯೋಗ್ಯತೆಗೆ ಇದು ಅರ್ಥವಾಗುವುದಿಲ್ಲ’ ಎಂದು ನೋಡುವುದಿಲ್ಲ. ಎರಡಕ್ಕೂ ಚಂದಾ ಕಟ್ಟುವವರಿದ್ದಾರೆ.

ಮುಂದಿನ ಪುಟದ ಬಗ್ಗೆ ಇಷ್ಟು ಚರ್ಚೆ ಮಾಡುವಾಗ ಹಿಂದಿನ ಪುಟವನ್ನು ಮರೆಯುತ್ತೇವೆ. ಸಂಬಳ ಕೊಡುವುದು ಅದು. 1941ರಲ್ಲಿ ಲಕ್ಸ್ ಸೋಪಿಗೆ ರೂಪದರ್ಶಿಯಾದ ಮೊದಲ ಭಾರತೀಯ ತಾರೆ ಲೀಲಾ ಚಿಟ್ನಿಸ್, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಲ್ಲಿಂದಾಚೆ ಮುಂದಿನ ಪುಟದ ಸುಂದರಿ ಹಿಂದಿನ ಪುಟದಲ್ಲಿ ಸೋಪು ಹಿಡಿದು, ಸೀರೆ ಉಟ್ಟು, ಒಡವೆ ತೊಟ್ಟು ಬರುತ್ತಲೇ ಇದ್ದಾಳೆ. ಮುಂದೆ ‘ನನ್ನ ಸೌಂದರ್ಯದ ಗುಟ್ಟು ಅಮ್ಮ ಮಾಡುವ ಕಡಲೆಹಿಟ್ಟು’ ಎಂಬ ಸಂದರ್ಶನ, ಹಿಂದೆ ಸೋಪು. ಪತ್ರಿಕೆಯನ್ನು ಮಗುಚಿದರೆ ಸತ್ಯ ತಿಳಿಯುತ್ತದೆ.

ಈಗ ‘ಡಿಜಿಟಲ್ ಮುಖಪುಟ’ ಬಂದಿದೆ. ಅಚ್ಚು ಇಲ್ಲ, ಕಾಗದ ಇಲ್ಲ, ಅಂಗಡಿ ಇಲ್ಲ, ಕ್ಲಿಪ್ಪು ಇಲ್ಲ. ಪತ್ರಿಕೆಯ ಹೆಸರು ಮೇಲೆ, ತಲೆ ಅದರ ಮೇಲೆ, ಎಡಕ್ಕೆ ತಲೆಬರಹ. ಇನ್‌ಸ್ಟಾಗ್ರಾಂನಲ್ಲಿ ಬಿಡುತ್ತಾರೆ. ನಟನ ಪ್ರಚಾರದವರು ‘ಮುಖಪುಟಕ್ಕೆ ಬಂದ ನಮ್ಮ ಬಾಸ್’ ಎಂದು ಹಂಚುತ್ತಾರೆ, ಅಭಿಮಾನಿಗಳು ಬೆಂಕಿಯ ಚಿತ್ರ ಹಾಕುತ್ತಾರೆ. ತಿರುಗಿಸಿ ನೋಡಲು ಒಳಪುಟ ಎಷ್ಟೋ ಸಲ ಇರುವುದೇ ಇಲ್ಲ. ಇದನ್ನು ಅವನತಿ ಎಂದು ಕೊರಗುವ ಹಳೆಯ ಪತ್ರಕರ್ತರು ನನಗೆ ಗೊತ್ತು. ನಾನು ಒಪ್ಪುವುದಿಲ್ಲ. ಸಿನಿಮಾ ಪತ್ರಿಕೆಯ ಮುಖಪುಟ ಇಷ್ಟು ವರ್ಷ ಪಟ್ಟ ಪಾಡೆಲ್ಲ, ಒಳಗಿರುವುದನ್ನು ಓದದಂತೆ ಮಾಡುವುದಕ್ಕೇ. ಈಗ ಅದು ಒಳಗಿರುವುದನ್ನೇ ತೆಗೆದುಹಾಕಿ ಹಗುರಾಗಿದೆ.

ಪುಟ ಕಟ್ಟುತ್ತಿದ್ದ ಹುಡುಗರೂ ಕೆಲಸ ಕಳೆದುಕೊಂಡು ಕೂತಿಲ್ಲ. ಯೂಟ್ಯೂಬ್ ಚಾನೆಲ್ಲುಗಳಿಗೆ ಥಂಬ್‌ನೇಲ್ ಮಾಡಿಕೊಡುತ್ತಿದ್ದಾರೆ. ಎಡಗಡೆ ನಟ, ಬಲಗಡೆ ಅಳುವ ನಟಿ, ನಡುವೆ ಮಿಂಚಿನ ಗೆರೆ, ಯಾರ ಕತ್ತಿನ ಮೇಲೋ ಒಂದು ಕೆಂಪು ವೃತ್ತ, ಅದರತ್ತ ಒಂದು ಬಾಣ, ಕೆಳಗೆ ಹಳದಿ ಅಕ್ಷರದಲ್ಲಿ ‘ಅಸಲಿಗೆ ಆ ರಾತ್ರಿ ನಡೆದಿದ್ದೇನು?’ ಬೆರಳಿಟ್ಟರೆ ಒಬ್ಬ ಮಹಾಶಯ ಸೋಫಾದ ಮೇಲೆ ಕೂತು ‘ನಮಸ್ಕಾರ ವೀಕ್ಷಕರೇ’ ಎಂದು ಶುರುಮಾಡುತ್ತಾನೆ. ಆ ರಾತ್ರಿ ಏನು ನಡೆಯಿತು ಎಂಬುದು ಎರಡು ಜಾಹೀರಾತು ಕಳೆದ ಮೇಲೆ, ಹದಿನಾಲ್ಕನೆಯ ನಿಮಿಷದಲ್ಲಿ ತಿಳಿಯುತ್ತದೆ: ಮುಂದಿನ ಸಂಚಿಕೆಯಲ್ಲಿ ಹೇಳುತ್ತಾನಂತೆ.